ಅಮ್ಮನ ಟಿವಿ ಮತ್ತು ಪುಕ್ಕಟೆ ಆಕಾಶ

ಬಹಳ ದಿನದಿಂದ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಟ್ರಾಫಿಕ್ಕು ಅಂತ ನೆಪಕ್ಕೇನೂ ಕೊರತೆ ಇಲ್ಲ ಬಿಡಿ. ಇವತ್ತು ಬರೆಯಲೇಬೇಕು ಅಂತ ಕೂತಿದ್ದಕ್ಕೆ ಕಾರಣ, ನಾನು ಬಹಳ ಜಾಣತನದಿಂದ ಮಾಡಿದ ಒಂದು ತಪ್ಪು.

2024ರ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಗುಡಗೇರಿ. ಧಾರವಾಡ ಜಿಲ್ಲೆ, ಕುಂದಗೋಳ ತಾಲೂಕು. ಹುಬ್ಬಳ್ಳಿ-ಬೆಂಗಳೂರು ರೈಲು ದಾರಿಯಲ್ಲೇ ಇದೆ, ಆದರೆ ಜೋರಾಗಿ ಓಡುವ ಗಾಡಿಗಳಿಗೆ ನಮ್ಮ ಸ್ಟೇಷನ್ ಕಾಣಿಸುವುದಿಲ್ಲ. ಸುತ್ತಲೂ ಎರಿ ಹೊಲ. ಹತ್ತಿ, ಮೆಣಸಿನಕಾಯಿ, ಶೇಂಗಾ. ಮನೆಯಲ್ಲಿ ಅಪ್ಪ, ಅವ್ವ, ಅಮ್ಮ ಮೂರು ಜನ. (ನಮ್ಮ ಮನೆಯಲ್ಲಿ ಹೆತ್ತ ತಾಯಿಗೆ ಅವ್ವ, ಅಪ್ಪನ ತಾಯಿಗೆ ಅಮ್ಮ ಅಂತೀವಿ. ಬೆಂಗಳೂರಿನ ಗೆಳೆಯರಿಗೆ ಇದನ್ನು ಪ್ರತಿ ಸಲ ಬಿಡಿಸಿ ಹೇಳಬೇಕು.)

ಅಪ್ಪ ಪ್ರತಿ ತಿಂಗಳು ಡಿಟಿಎಚ್ ಡಬ್ಬಿಗೆ 330 ರೂಪಾಯಿ ರೀಚಾರ್ಜ್ ಮಾಡಿಸುತ್ತಿದ್ದರು. ವರ್ಷಕ್ಕೆ 3,960. ನಾನು ಸಾಫ್ಟ್‌ವೇರ್ ಮನುಷ್ಯ, ಲೆಕ್ಕ ಹಾಕದೆ ಬಿಡುತ್ತೇನೆಯೇ? ಒಂದೇ ಸಲ 1,800 ಕೊಟ್ಟು ಡಿಡಿ ಫ್ರೀ ಡಿಶ್ ಹಾಕಿಸಿದರೆ ಆಮೇಲೆ ತಿಂಗಳ ಬಾಡಿಗೆ ಇಲ್ಲ. ಬೇಕಾದ ಧಾರಾವಾಹಿಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಹಚ್ಚಿ ಟಿವಿಗೆ ಬಿಟ್ಟರಾಯಿತು. ಹಬ್ಬದ ಮರುದಿನವೇ ಹುಡುಗನನ್ನು ಕರೆಸಿ ಮಾಳಿಗೆ ಮೇಲೆ ಹೊಸ ಡಿಶ್ ಕೂರಿಸಿದೆ. ಗಾಡಿ ಹತ್ತಿ ಬೆಂಗಳೂರಿಗೆ ಬಂದೆ. ಮನೆಗೆ ಉಳಿತಾಯ ಮಾಡಿಕೊಟ್ಟ ಮೊಮ್ಮಗ ಅನ್ನುವ ಹೆಮ್ಮೆ ಬೇರೆ.

ನಾಲ್ಕನೇ ದಿನ ಅಮ್ಮನ ಫೋನ್ ಬಂತು.

"ತಮ್ಮಾ, ಟಿವಿಗೆ ಏನ್ ಮಾಡಿ ಹೋಗಿಯೋ? ಪುಟ್ಟಕ್ಕ ಎಲ್ಲಿ ಹ್ವಾದ್ಲು? ಎಲ್ಲಾರೂ ಬರೇ ಹಿಂದಿ ಮಾತಾಡಾಕತ್ತಾರ."

ಪುಟ್ಟಕ್ಕ ಅಂದರೆ ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ, ಉಮಾಶ್ರೀ ಅವರು ಮಾಡಿದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ. ಅಪ್ಪನ ಫೋನಿನಲ್ಲಿ ಬರ್ತಾಳಲ್ಲ ಅಂದೆ. "ನಿಮ್ಮಪ್ಪ ಹೊಲದಾಗ ಅದಾನು. ಫೋನ್ ಅವನ ಕಿಸೆದಾಗ ಐತಿ" ಅಂದಳು.

ಅಷ್ಟೇ ಮಾತು. ಆದರೆ ಆಮೇಲೆ ನಾನು ಒಂದು ವಾರ ಅದೇ ಯೋಚನೆಯಲ್ಲಿದ್ದೆ. ಪುಕ್ಕಟೆ ಆಕಾಶದಲ್ಲಿ ಕನ್ನಡ ಯಾಕಿಲ್ಲ? ಮೊದಲಿಂದ ಹೀಗೇ ಇತ್ತಾ? ಹುಡುಕುತ್ತಾ ಹೋದರೆ ಕಥೆ ನಮ್ಮ ಅಮ್ಮನಿಂದಲೇ ಶುರುವಾಗುತ್ತದೆ!

ಅಮ್ಮನ ತವರು ವಿಜಾಪುರ ಜಿಲ್ಲೆಯ ಒಂದು ಹಳ್ಳಿ. ನಮ್ಮ ಅತ್ತಿ ಹುಟ್ಟಿದ ವರ್ಷ ಬಾಣಂತನಕ್ಕೆ ಹೋದಾಗ "ಚಾವಡಿ ಮುಂದ ಕೋಳಿ ಜಾಳಿಗಿಯಂಥಾ ದೊಡ್ಡ ಛತ್ರಿ, ಒಳಗ ಮಾತಾಡೋ ಪೆಟಗಿ" ನೋಡಿದ್ದೆ ಅಂತ ಅವಳು ಯಾವಾಗಲೂ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ನಾನು ನಂಬಿರಲಿಲ್ಲ. 1975ರಲ್ಲಿ ವಿಜಾಪುರದ ಹಳ್ಳಿಯಲ್ಲಿ ಟಿವಿ? ಬೆಂಗಳೂರಿನಲ್ಲೇ ಇರಲಿಲ್ಲ!

ಅವಳು ಹೇಳಿದ್ದು ನಿಜ. ಬೆಂಗಳೂರಿನಲ್ಲಿ ಇರಲಿಲ್ಲ ಅನ್ನುವುದೂ ನಿಜ.

ಅದರ ಹೆಸರು ಸೈಟ್. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಅವರ ಕನಸು. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ಒಪ್ಪಂದ ಮಾಡಿಕೊಂಡವು. 1974ರ ಮೇ ತಿಂಗಳಲ್ಲಿ ಮೇಲೆ ಹೋದ ಎಟಿಎಸ್-6 ಎಂಬ ಉಪಗ್ರಹವನ್ನು ನಾಸಾ ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅಂದರೆ ರಾಜ್ಯದ ಹಿಂದುಳಿದ ಭಾಗಗಳನ್ನೇ ಮೊದಲು ಆರಿಸಿದರು.

ಅಮ್ಮ ಹೇಳಿದ ಕೋಳಿ ಜಾಳಿಗೆಯೂ ಸುಳ್ಳಲ್ಲ. ಹತ್ತು ಅಡಿ ಅಗಲದ ಆ ಡಿಶ್ಶನ್ನು ನಿಜವಾಗಿಯೂ ಕೋಳಿ ಗೂಡಿನ ತಂತಿ ಬಲೆಯಿಂದ ಮಾಡಿದ್ದರು, ಅಗ್ಗವಾಗಲಿ ಅಂತ. ಟಿವಿ ಸೆಟ್ ಮಾಡಿದ್ದು ಹೈದರಾಬಾದಿನ ಇಸಿಐಎಲ್. ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಬ್ಯಾಟರಿ ಮೇಲೆ ನಡೆಸಿದರು. ಶಾಲೆಯಲ್ಲೋ ಪಂಚಾಯ್ತಿಯಲ್ಲೋ ಒಂದು ಸೆಟ್, ಊರಿಗೆ ಊರೇ ಮುಂದೆ ನೆಲದ ಮೇಲೆ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಿಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ನಾಟಕ, ಹಾಡು. (ಒಂದು ಸ್ವಾರಸ್ಯ: ಉಪಗ್ರಹದಿಂದ ಸುದ್ದಿ ಕಳಿಸಬಹುದು ಅಂತ 1945ರಲ್ಲೇ ಬರೆದಿದ್ದ ಲೇಖಕ ಆರ್ಥರ್ ಕ್ಲಾರ್ಕ್ ಅವರ ಕೊಲಂಬೊ ಮನೆಗೂ ನಮ್ಮ ಇಸ್ರೋದವರು ಇಂಥದ್ದೇ ಒಂದು ಡಿಶ್ ಹಾಕಿಕೊಟ್ಟಿದ್ದರು.)

ಎಂಜಿನಿಯರ್ ಆಗಿ ನನಗೆ ಇಷ್ಟವಾದದ್ದು ಬೇರೆ. ಆ ಉಪಗ್ರಹದಿಂದ ಬರುತ್ತಿದ್ದ ಸಿಗ್ನಲ್‌ನಲ್ಲಿ ಚಿತ್ರ ಒಂದೇ, ಆದರೆ ಧ್ವನಿಗೆ ಎರಡು ದಾರಿ ಇದ್ದವು. ಒಂದೇ ಚಿತ್ರಕ್ಕೆ ಎರಡು ಭಾಷೆ ಕೊಡಬಹುದು ಅಂತ ಮೊದಲೇ ಯೋಚಿಸಿದ್ದರು. ಕನ್ನಡ, ತೆಲುಗು ಕಾರ್ಯಕ್ರಮಗಳನ್ನು ತಯಾರಿಸಲು ಹೈದರಾಬಾದಿನಲ್ಲಿ ಕೇಂದ್ರವನ್ನೇ ಮಾಡಿದ್ದರು. ಸಂಜೆ ಅರ್ಧ ಗಂಟೆ ಎಲ್ಲರಿಗೂ ಸೇರಿ ಹಿಂದಿ ಕಾರ್ಯಕ್ರಮ ಇರುತ್ತಿತ್ತು. ಉಳಿದ ಹೊತ್ತನ್ನು ಆಯಾ ಭಾಷೆಗಳಿಗೆ ಹಂಚಿದ್ದರು. ಹಳ್ಳಿಯವರಿಗೆ ತಮ್ಮ ಮಾತಿನಲ್ಲಿ ಹೇಳದಿದ್ದರೆ ಉಪಗ್ರಹ ಹಾರಿಸಿ ಏನು ಉಪಯೋಗ ಅನ್ನುವುದು ಅವರಿಗೆ ಗೊತ್ತಿತ್ತು.

ಒಂದು ವರ್ಷ ಮುಗಿಯಿತು. ಎಟಿಎಸ್-6 ವಾಪಸ್ ಹೋಯಿತು. ಅಮ್ಮ ಮುಂದಿನ ಸಲ ತವರಿಗೆ ಹೋದಾಗ "ಛತ್ರಿ ಹಂಗ ಇತ್ತು, ಪೆಟಗಿ ಮಾತಾಡ್ತಿದ್ದಿಲ್ಲ" ಅಂತೆ.

1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಟವರ್ ಬಂತು. ಬೆಂಗಳೂರಿಗೆ ಟಿವಿ ಬಂದದ್ದು 1981ರ ನವೆಂಬರ್ 1ರಂದು. ನಮ್ಮ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಅಮ್ಮ ಕನ್ನಡ ಟಿವಿ ನೋಡಿದ್ದಳು, ಅದೂ ಒಂದು ಪೈಸೆ ಕೊಡದೆ.

ಗುಡಗೇರಿಗೆ ಟಿವಿ ಬಂದದ್ದು ಬೇರೆ ದಾರಿಯಲ್ಲಿ. 1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್, ಕಲರ್ ಟಿವಿ, ಆ ವರ್ಷ ಆಗಸ್ಟ್ 15ರಿಂದ ದೇಶಕ್ಕೆಲ್ಲ ಒಂದೇ 'ರಾಷ್ಟ್ರೀಯ ಕಾರ್ಯಕ್ರಮ'. 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋಯಿತು. 1984ರಲ್ಲಿ ಕೆಲವು ತಿಂಗಳು ಸುಮಾರು ದಿನಕ್ಕೊಂದರಂತೆ ಊರೂರಿಗೆ ಮರುಪ್ರಸಾರದ ಟವರ್ ಎಬ್ಬಿಸಿದರು. ಈ ಸಣ್ಣ ಟವರ್‌ಗಳ ಕೆಲಸ ಏನು? ದೆಹಲಿಯಿಂದ ಉಪಗ್ರಹದ ಮೂಲಕ ಬಂದದ್ದನ್ನು ಹಿಡಿದು ಸುತ್ತಲಿನ ಊರುಗಳಿಗೆ ಬಿಡುವುದು. ಅಲ್ಲಿ ಸ್ಟುಡಿಯೋ ಇಲ್ಲ, ಕನ್ನಡ ತಯಾರಿಸುವವರಿಲ್ಲ. ಹಾಗಾಗಿ ಸೈಟ್ ಪ್ರಯೋಗದಲ್ಲಿ ಸಂಜೆಗೆ ಅರ್ಧ ಗಂಟೆ ಇದ್ದ ಹಿಂದಿ ಈಗ ಹೆಚ್ಚುಕಡಿಮೆ ಇಡೀ ಸಂಜೆಯಾಯಿತು.

ಅದೇ ಹೊತ್ತಿಗೆ ಧಾರವಾಡದ ಆಕಾಶವಾಣಿ (ಅದು 1950ರ ಜನವರಿ 8ರಿಂದಲೇ ಇದೆ) ರೇಡಿಯೋದಲ್ಲಿ ನಮ್ಮ ಮಾತನ್ನೇ ಆಡುತ್ತಿತ್ತು. ಟಿವಿ ಮಾತ್ರ ದೆಹಲಿಯ ಮಾತಾಡುತ್ತಿತ್ತು.

ಆದರೂ ಜನ ನೋಡಿದರು. ಅಪ್ಪ ಹೇಳುವ ಪ್ರಕಾರ ನಮ್ಮ ಓಣಿಯಲ್ಲಿ ಮೊದಲ ಟಿವಿ ಸಾಲಿ ಮಾಸ್ತರ ಮನೆಯಲ್ಲಿತ್ತು, ಮರದ ಬಾಗಿಲಿನ ಕಪ್ಪು-ಬಿಳುಪು ಸೆಟ್. 1987ರ ಜನವರಿ 25ರಿಂದ 'ರಾಮಾಯಣ' ಶುರುವಾದಾಗ ಅಪ್ಪನಿಗೆ ಹದಿನೇಳು. ರವಿವಾರ ಬೆಳಿಗ್ಗೆ ಮಾಸ್ತರ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಗಾಳಿ ಬಂದರೆ ಒಬ್ಬ ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬ "ಬಂತು ಬಂತು... ಹೋತು!" ಅಂತ ಕೂಗಬೇಕು.

ಹಿಂದಿ ಹೇಗೆ ತಿಳೀತಿತ್ತು ಅಂತ ಅಮ್ಮನನ್ನು ಕೇಳಿದೆ. "ರಾಮಾಯಣ ತಿಳಿಯಾಕ ಹಿಂದಿ ಯಾಕ ಬೇಕೋ? ಕಥಿ ಗೊತ್ತಿತ್ತಲ್ಲ" ಅಂದಳು. ಸರಿಯಾದ ಮಾತು. ಗೊತ್ತಿರುವ ಕಥೆಗೆ ಭಾಷೆ ಬೇಡ, ಗೊತ್ತಿಲ್ಲದ ಕಥೆಗೆ ಬೇಕು. 1988ರಿಂದ 1990ರವರೆಗೆ ನಡೆದ 'ಮಹಾಭಾರತ'ವೂ ಹಾಗೇ ದಾಟಿತು. ಸುದ್ದಿ ಬಂದರೆ ಮಾತ್ರ ಹೆಂಗಸರು ಎದ್ದು ಒಲೆ ಕಡೆ ಹೋಗುತ್ತಿದ್ದರಂತೆ.

ಇದೂ ಪುಕ್ಕಟೆ ಆಕಾಶವೇ. (ಪೂರ್ತಿ ಪುಕ್ಕಟೆ ಅಲ್ಲ, ಎಂಬತ್ತರ ದಶಕದ ನಡುವಿನವರೆಗೆ ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಇತ್ತು, ಅದಕ್ಕೆ ಹಣ ಕಟ್ಟಬೇಕಿತ್ತು.)

ಹಾಗಿದ್ದರೆ ನಮ್ಮ ಊರಿನವರು ಟಿವಿಗೆ ತಿಂಗಳ ದುಡ್ಡು ಕೊಡಲು ಶುರು ಮಾಡಿದ್ದು ಯಾಕೆ? ದೊಡ್ಡ ಊರುಗಳಲ್ಲಿ 1991ರ ಕೊಲ್ಲಿ ಯುದ್ಧ, ಸಿಎನ್‌ಎನ್, ಸ್ಟಾರ್ ಅಂತೆಲ್ಲ ಹೇಳುತ್ತಾರೆ. ಗುಡಗೇರಿಗೆ ಯಾವ ಕೊಲ್ಲಿಯೂ ಬೇಕಾಗಿರಲಿಲ್ಲ. ನಮ್ಮಲ್ಲಿ ಕೇಬಲ್ ಎಳೆಸಿದ್ದು ಕನ್ನಡಕ್ಕಾಗಿ. 1994ರ ಜೂನ್‌ನಲ್ಲಿ ಉದಯ ಟಿವಿ ಬಂತು, ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್. ದಿನವಿಡೀ ಕನ್ನಡ, ದಿನಾ ಸಿನಿಮಾ! 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂತು. ಸರ್ಕಾರದ ಚಂದನದಲ್ಲಿ 1998ರಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಜನಕ್ಕೆ ಕನ್ನಡ ಧಾರಾವಾಹಿಯ ರುಚಿ ಹತ್ತಿಸಿತ್ತು. ಆಮೇಲೆ ಈಟಿವಿಯಲ್ಲಿ ವೈಶಾಲಿ ಕಾಸರವಳ್ಳಿ ಅವರ 'ಮೂಡಲ ಮನೆ' ಬಂದಾಗ ನಮ್ಮ ಮನೆಯಲ್ಲಿ ಹಬ್ಬ. ಯಾಕಂದರೆ ಅದರಲ್ಲಿದ್ದದ್ದು ನಮ್ಮ ಉತ್ತರ ಕರ್ನಾಟಕದ ಮಾತು. ಟಿವಿಯವರು 'ಐತಿ' ಅನ್ನುವುದನ್ನು ಅಮ್ಮ ಕೇಳಿದ್ದು ಅದೇ ಮೊದಲಂತೆ. ನಾನು ಆಗ ಕನ್ನಡ ಸಾಲಿಗೆ ಹೋಗುತ್ತಿದ್ದ ಹುಡುಗ. ಅಮ್ಮನ ತೊಡೆ ಮೇಲೆ ತಲೆ ಇಟ್ಟು ಅದರ ಶೀರ್ಷಿಕೆ ಗೀತೆ ಕೇಳುತ್ತಲೇ ನಿದ್ದೆ ಹೋದದ್ದು ಇನ್ನೂ ನೆನಪಿದೆ.

ಕೇಬಲ್‌ಗೆ ಮೊದಲು ತಿಂಗಳಿಗೆ 60 ರೂಪಾಯಿ, ಆಮೇಲೆ 100. ಕೇಬಲ್‌ನಾಂವ ಒಂದನೇ ತಾರೀಖು ಸೈಕಲ್ ಮೇಲೆ ಬಂದು ವಹಿಯಲ್ಲಿ ಟಿಕ್ ಹಾಕಿ ಹೋಗುತ್ತಿದ್ದ. ಸುಗ್ಗಿ ಮುಂದೆ ಹೋದರೆ ಅವನೂ ತಡೆಯುತ್ತಿದ್ದ. ಅವನ ಓಣಿಯಲ್ಲಿ ಕರೆಂಟ್ ಹೋದರೆ ಊರಿನ ಟಿವಿಗಳೆಲ್ಲ ಒಟ್ಟಿಗೇ ಹೋಗುತ್ತಿದ್ದವು, ಅದೊಂದು ತೊಂದರೆ.

ಮನೆಗೇ ಸಣ್ಣ ಡಿಶ್ ಹಾಕಿಕೊಳ್ಳುವ ಡಿಟಿಎಚ್‌ಗೆ ಸರ್ಕಾರ ಅನುಮತಿ ಕೊಟ್ಟದ್ದು 2000ದಲ್ಲಿ. 2003ರಲ್ಲಿ ಮೊದಲ ಖಾಸಗಿ ಕಂಪನಿ, ನಂತರದ ಐದಾರು ವರ್ಷಗಳಲ್ಲಿ ಉಳಿದವು ಬಂದವು. ನಮ್ಮ ಮನೆಗೆ ಬಂದದ್ದು 2011ರ ಕ್ರಿಕೆಟ್ ವಿಶ್ವಕಪ್ ಹೊತ್ತಿಗೆ. ನಾನೇ ಹಟ ಹಿಡಿದಿದ್ದೆ. ಕೇಬಲ್‌ನಾಂವನ ವಹಿ ಹೋಗಿ ರೀಚಾರ್ಜ್ ಬಂತು. ರೀಚಾರ್ಜ್‌ಗೆ ಸುಗ್ಗಿ ಗೊತ್ತಿಲ್ಲ. ದುಡ್ಡು ಮುಗಿದ ದಿನ ಮಧ್ಯರಾತ್ರಿಗೇ ಚಿತ್ರ ನಿಲ್ಲುತ್ತದೆ.

ಮಜಾ ನೋಡಿ, ಈ ಮಧ್ಯೆ ಸರ್ಕಾರದ ಪುಕ್ಕಟೆ ಡಿಶ್ ಕೂಡ ಬಂದಿತ್ತು. 2004ರ ಡಿಸೆಂಬರ್ 16ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ 33 ಚಾನೆಲ್‌ಗಳ ಡಿಡಿ ಡೈರೆಕ್ಟ್ ಪ್ಲಸ್ ಉದ್ಘಾಟಿಸಿದರು. 2014ರಲ್ಲಿ ಅದರ ಹೆಸರು ಡಿಡಿ ಫ್ರೀ ಡಿಶ್ ಅಂತಾಯಿತು. ಆದರೆ ನಮ್ಮೂರಲ್ಲಿ ಅದನ್ನು ಯಾರೂ ತಿರುಗಿ ನೋಡಿರಲಿಲ್ಲ.

ನೋಡುವ ಹಾಗೆ ಮಾಡಿದ್ದು 2019. ಆ ವರ್ಷ ಫೆಬ್ರವರಿ 1ರಿಂದ ಟ್ರಾಯ್ ಹೊಸ ದರ ನಿಯಮ ಜಾರಿಯಾಯಿತು. ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅನ್ನುವುದು ಉದ್ದೇಶ. ಆದರೆ ಮೊದಲ 100 ಚಾನೆಲ್‌ಗೆ 130 ರೂಪಾಯಿ ಜಾಲದ ಶುಲ್ಕ, ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಇದು ಬಾಗಿಲ ಬಾಡಿಗೆ. ಒಳಗೆ ಹೋದ ಮೇಲೆ ದುಡ್ಡಿನ ಚಾನೆಲ್‌ಗಳಿಗೆ ಬೇರೆ ಬೇರೆ ದರ. ಗುಚ್ಛದಲ್ಲಿ ಸೇರಿಸುವ ಚಾನೆಲ್ ಒಂದಕ್ಕೆ 19 ರೂಪಾಯಿವರೆಗೆ ಇಡಬಹುದಿತ್ತು. ಲೆಕ್ಕ ಯಾರಿಗೂ ಬಗೆಹರಿಯಲಿಲ್ಲ, ಬಿಲ್ ಮಾತ್ರ ಏರಿತು. ಅಷ್ಟೊತ್ತಿಗೆ 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಜಿಯೋ ದೆಸೆಯಿಂದ ಹೊಲದ ಬದುವಿನ ಮೇಲೂ ವಿಡಿಯೋ ಓಡುತ್ತಿತ್ತು. ಹುಡುಗರು ಟಿವಿ ಮುಂದಿನಿಂದ ಎದ್ದು ಹೋಗಿದ್ದರು. 2023ರಲ್ಲಿ ಐಪಿಎಲ್ ಕೂಡ ಮೊಬೈಲಿನಲ್ಲಿ ಪುಕ್ಕಟೆ ಬಂದ ಮೇಲೆ ಡಿಟಿಎಚ್ ಯಾಕೆ ಬೇಕು ಅಂತ ಮನೆ ಮನೆಯಲ್ಲೂ ಮಾತು.

ಟ್ರಾಯ್ ಅಂಕಿಗಳ ಪ್ರಕಾರ ದೇಶದಲ್ಲಿ ದುಡ್ಡು ಕೊಡುವ ಡಿಟಿಎಚ್ ಚಂದಾದಾರರು 2021ರ ಮಾರ್ಚ್‌ನಲ್ಲಿ ಸುಮಾರು 7 ಕೋಟಿ ಇದ್ದರು, 2025ರ ಮಾರ್ಚ್‌ಗೆ ಸುಮಾರು 5.7 ಕೋಟಿಗೆ ಇಳಿದರು. ಫ್ರೀ ಡಿಶ್ 2024ರಲ್ಲಿ ಸುಮಾರು 4.9 ಕೋಟಿ ಮನೆಗಳಲ್ಲಿ ಇತ್ತು ಅಂತ ಸರ್ಕಾರದ ಅಂದಾಜು. ಅಂದರೆ ನಾನು ಮಾಡಿದ ಜಾಣತನವನ್ನು ದೇಶದ ತುಂಬ ಜನ ಮಾಡುತ್ತಿದ್ದಾರೆ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಪುಟ್ಟಕ್ಕ ಎಲ್ಲಿ ಹೋದಳು?

ನಾನು ಡಿಶ್ ಹಾಕಿಸಿದಾಗ ಫ್ರೀ ಡಿಶ್‌ನಲ್ಲಿ ನಮ್ಮ ಮನೆಗೆ ಸಿಕ್ಕ ಕನ್ನಡ ಅಂದರೆ ಮುಖ್ಯವಾಗಿ ಡಿಡಿ ಚಂದನ. ಜನ ಹೆಚ್ಚು ನೋಡುವ ಕನ್ನಡ ಮನರಂಜನೆ ಚಾನೆಲ್‌ಗಳು ಒಂದೂ ಇಲ್ಲ. ಸಿನಿಮಾ, ಹಾಡು, ಧಾರಾವಾಹಿ, ಸುದ್ದಿ ಬಹುಪಾಲು ಹಿಂದಿ. ಇದರಲ್ಲಿ ಯಾರದೂ ಸಂಚಿಲ್ಲ, ವ್ಯಾಪಾರದ ಲೆಕ್ಕ ಇದೆ. ಫ್ರೀ ಡಿಶ್‌ನಲ್ಲಿ ಜಾಗ ಬೇಕಾದರೆ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೊಡಬೇಕು. ನೋಡುವವನು ಕಾಸು ಕೊಡದ ಕಡೆ ಆ ದುಡ್ಡು ಜಾಹೀರಾತಿನಿಂದಲೇ ಹುಟ್ಟಬೇಕು. ಹಿಂದಿಗೆ ಹತ್ತಾರು ರಾಜ್ಯದ ನೋಡುಗರಿದ್ದಾರೆ, ಲೆಕ್ಕ ಕೂಡುತ್ತದೆ. ಕನ್ನಡಕ್ಕೆ ಇರುವುದು ಒಂದು ರಾಜ್ಯ, ಅಂಚಿನ ಕೆಲವು ಜಿಲ್ಲೆ. ಅದರ ಮೇಲೆ ಕನ್ನಡ ಚಾನೆಲ್‌ಗಳಿಗೆ ಚಂದಾ ಹಣ ಬರುತ್ತಿದೆ. ಅದೇ ಚಾನೆಲ್ ಪುಕ್ಕಟೆ ಸಿಕ್ಕರೆ ಯಾರು ದುಡ್ಡು ಕೊಡುತ್ತಾರೆ?

ನನಗೆ ಚುಚ್ಚಿದ್ದು ಇನ್ನೊಂದು. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ್ದು. ಕಟ್ಟಿದ್ದು ಬೆಂಗಳೂರಿನಲ್ಲಿ ಇಸ್ರೋ, ನಿಯಂತ್ರಣ ಹಾಸನದಿಂದ. ನಮ್ಮ ಮಾಳಿಗೆ ಮೇಲೆ ಡಿಶ್ ಮುಖ ಮಾಡಿರುವುದು ಆಗ್ನೇಯಕ್ಕೆ. (ವಾಸ್ತು ಪ್ರಕಾರ ಅಡುಗೆಮನೆ ಮೂಲೆ, ಅಪ್ಪನಿಗೆ ಸಮಾಧಾನ :) ) ಕನ್ನಡದ ನೆಲದಲ್ಲಿ ಹುಟ್ಟಿ, ಕನ್ನಡದ ನೆಲದಿಂದಲೇ ನಡೆಯುವ ಉಪಗ್ರಹದಿಂದ ಅಮ್ಮನಿಗೆ ತಿಳಿಯುವ ಮಾತು ಬರುವುದು ಒಂದೋ ಎರಡೋ ಚಾನೆಲ್‌ನಲ್ಲಿ. ಚಂದನವನ್ನು ಅವಳು ನೋಡುತ್ತಾಳೆ, ಬೈಯುವುದಿಲ್ಲ. ಆದರೆ ಅದೊಂದೇ ಸಾಲದು.

ಹಾಗಾದರೆ ಆ್ಯಪ್? ಅಲ್ಲಿ ಕನ್ನಡಕ್ಕೆ ಬರ ಇಲ್ಲ. 2024ರ ನವೆಂಬರ್ 20ರಂದು ಪ್ರಸಾರ ಭಾರತಿಯೇ 'ವೇವ್ಸ್' ಅನ್ನುವ ಆ್ಯಪ್ ತಂದಿತು, ಅದರಲ್ಲೂ ಕನ್ನಡ ಇದೆ. ಆದರೆ ನಾನು ಮರೆತ ಒಂದು ವಿಷಯ ಇತ್ತು. ಟಿವಿ ಮನೆಗೆ ಸೇರಿದ್ದು, ಫೋನ್ ಒಬ್ಬರ ಕಿಸೆಗೆ ಸೇರಿದ್ದು. ನಮ್ಮ ಮನೆಗೆ ಬೇರೆ ಇಂಟರ್‌ನೆಟ್ ಇಲ್ಲ, ಅಪ್ಪನ ಫೋನಿನ ಹಾಟ್‌ಸ್ಪಾಟೇ ಗತಿ. ಅಪ್ಪ ಹೊಲಕ್ಕೆ ಹೋದರೆ ಧಾರಾವಾಹಿಯೂ ಹೊಲಕ್ಕೆ ಹೋದ ಹಾಗೆ. ಅಪ್ಪ ಇದ್ದರೂ ಅಮ್ಮ "ಪುಟ್ಟಕ್ಕನ್ನ ಹಚ್ಚಿಕೊಡಪಾ" ಅಂತ ದಿನಾ ಮಗನನ್ನು ಕೇಳಬೇಕು. ಕೆಂಪು ಗುಂಡಿ ಒತ್ತಿ ತಾನೇ ನೋಡುತ್ತಿದ್ದವಳು ಈಗ ಬೇಡಬೇಕು. ಮೂರು ದಿನ ಕೇಳಿದಳಂತೆ. ನಾಲ್ಕನೇ ದಿನ ಕೇಳುವುದು ಬಿಟ್ಟು ನನಗೆ ಫೋನ್ ಮಾಡಿದ್ದಳು.

ನನ್ನ ಲೆಕ್ಕದಲ್ಲಿ 330 ರೂಪಾಯಿ ಅಂದರೆ ಟಿವಿಯ ಖರ್ಚು. ನಿಜವಾಗಿ ಅದು ಅಮ್ಮ ಯಾರನ್ನೂ ಕೇಳದೆ ಕನ್ನಡ ನೋಡುವ ಖರ್ಚು. ಈ ಐವತ್ತು ವರ್ಷದ ಕಥೆಯಲ್ಲಿ ನಮ್ಮ ಕಡೆಯ ಜನ ಚಿತ್ರಕ್ಕೆ ದುಡ್ಡು ಕೊಟ್ಟದ್ದು ಕಡಿಮೆ, ಚಿತ್ರ ಯಾವಾಗಲೂ ಎಲ್ಲಿಂದಲೋ ಪುಕ್ಕಟೆ ಬರುತ್ತಲೇ ಇತ್ತು. ಅವರು ದುಡ್ಡು ಕೊಟ್ಟದ್ದು ಭಾಷೆಗೆ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ಪುಕ್ಕಟೆ ಹಾಕಿತು, ಹಿಂದಿಯಲ್ಲಿ. ಅದೇ ವರ್ಷ ಕನ್ನಡಕ್ಕೆ ಡಬ್ ಆದ ಮಹಾಭಾರತ ಸ್ಟಾರ್ ಸುವರ್ಣದಲ್ಲಿ ಬಂತು, ದುಡ್ಡಿನ ಚಾನೆಲ್‌ನಲ್ಲಿ. ಅಮ್ಮ ನೋಡಿದ್ದು ಎರಡನೆಯದನ್ನು. ಕಥೆ ಗೊತ್ತಿದ್ದರೂ.

1975ರಲ್ಲಿ ಒಂದು ಎರವಲು ಉಪಗ್ರಹದಲ್ಲಿ ಎರಡು ಭಾಷೆಗೆ ದಾರಿ ಇಟ್ಟವರಿಗೆ ತಿಳಿದದ್ದು ಈಗ ಇಷ್ಟೊಂದು ಸ್ವಂತ ಉಪಗ್ರಹ ಇರುವಾಗ ಆಗದ ಕೆಲಸವೇನಲ್ಲ. ನಮ್ಮ ಹರಾಜಿನ ಲೆಕ್ಕದಲ್ಲಿ ಭಾಷೆಗೆ ಒಂದಿಷ್ಟು ಜಾಗ ಬಿಡಬೇಕು ಅಷ್ಟೇ. ಊರೂರಿನ ಹಳೆಯ ಟವರ್‌ಗಳನ್ನು 2022ರ ಮಾರ್ಚ್ ಹೊತ್ತಿಗೆ ಬಹುಪಾಲು ನಿಲ್ಲಿಸಿಬಿಟ್ಟಿದ್ದಾರೆ. ಇನ್ನು ಉಳಿದಿರುವ ಪುಕ್ಕಟೆ ಆಕಾಶ ಈ ಡಿಶ್ ಒಂದೇ.

ನಾನು ಏನು ಮಾಡಿದೆ ಅಂತ ಹೇಳಿ ಮುಗಿಸುತ್ತೇನೆ. ಹಳೆಯ ಡಬ್ಬಿಗೆ ಮತ್ತೆ ರೀಚಾರ್ಜ್ ಮಾಡಿಸಿದೆ, ಬರೀ ಕನ್ನಡದ ಪ್ಯಾಕ್. 330ರ ಬದಲು ಸುಮಾರು 220 ಬೀಳುತ್ತದೆ. ಅದು ಈಗ ನನ್ನ ಖಾತೆಯಿಂದ ಹೋಗುತ್ತದೆ. ಫ್ರೀ ಡಿಶ್ ಕೂಡ ಇದೆ, ಅಪ್ಪ ಅದರಲ್ಲಿ ಹಳೇ ಸಿನಿಮಾ ನೋಡುತ್ತಾರೆ. ಒಂದೇ ಟಿವಿ, ಎರಡು ಡಬ್ಬಿ, ಎರಡು ರಿಮೋಟ್. ಅದಲು ಬದಲಾಗಬಾರದು ಅಂತ ಅಮ್ಮನ ರಿಮೋಟಿಗೆ ಅವ್ವ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಾಳೆ.

ನಿಮ್ಮಲ್ಲಿ ಯಾರಾದರೂ ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರಿದ್ದರೆ ಒಂದು ವಿನಂತಿ. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಆ ಕೋಳಿ ಜಾಳಿಗೆಯ ಛತ್ರಿ ನೋಡಿದ್ರಾ ಅಂತ ಕೇಳಿ. ಅವರು ಹೇಳಿದ್ದನ್ನು ಬರೆದಿಡಿ. ನಾನು ಇಪ್ಪತ್ತು ವರ್ಷ ಅಮ್ಮನ ಮಾತನ್ನು ಕಟ್ಟುಕಥೆ ಅಂದುಕೊಂಡಿದ್ದೆ.